ಅಡಗಿದ ಕಬ್ಬಿಣ

ಸಂಶೋಧನಾ ವಿದ್ಯಾರ್ಥಿನಿ ವಾರಿಜಾಳನ್ನು ಕಂಡರೇ ಪ್ರೊಫೆಸರರಿಗೆ ಆಗುತ್ತಿರಲಿಲ್ಲ. ಅಡಗಿದ ಕಬ್ಬಿಣ ಎಲ್ಲಿದೆ, ಎಷ್ಟಿದೆ ಎಂದು ಅಂದಾಜಿಸುವ ಅವಳ ಕ್ವಾಂಟಂ ಸಂವೇದಕವನ್ನು ಪರೀಕ್ಷಿಸಲು ಅವರು ಒಳಬಂದೊಡನೆ ಪರದೆಯ ಗೆರೆ ಕುಣಿಯತೊಡಗಿತು.

“ನಿನ್ನ ಹೇರ್‌ಪಿನ್ ಇರ್ಬೇಕು.”

“ಎಲ್ಲಾ ಹೊರಗಿಟ್ಟು ಬಂದಿದೀನಿ ಸರ್. ನೀವು?”

“ನನಗೇ ಪಾಠ ಹೇಳ್ತೀಯಾ? ವಾಚು, ಬೆಲ್ಟು, ಕೀ ಎಲ್ಲಾ ಹೊರಗಿದೆ. ಆಯುಧಪೂಜೆ ದಿನ ಈ ಮೆಷಿನ್‌ಗೆ ಕುಂಕುಮ ಇಟ್ಟೋಳು ನೀನೇ ತಾನೆ? ಮೂಢನಂಬಿಕೆಯೋರಿಗೆ ವಿಜ್ಞಾನ ಒಲಿಯಲ್ಲ. ನಾಳೆಯಿಂದ ಬರಬೇಡ.”

ವಾರಿಜಾ ಪರದೆಯ ಮೇಲೆ ಮೂಡಿದ್ದನ್ನು ಓದಿದಳು.

“ಕಬ್ಬಿಣ. ಒಂದು ಉಂಗುರದಷ್ಟು. ನಿಮ್ಮ ಸೊಂಟದ ಎಡಕ್ಕೆ, ಸರ್.”

ಪ್ರೊಫೆಸರರ ಕೈ ತಾನಾಗಿಯೇ ಸೊಂಟಕ್ಕೆ ಹೋಗಿ, ಶನಿಕಾಟ ಕಳೆಯಲೆಂದು ಉಡಿದಾರಕ್ಕೆ ಕಟ್ಟಿಕೊಂಡಿದ್ದ ಕುದುರೆ ಲಾಳದ ಉಂಗುರವನ್ನು ಅಂಗಿಯ ಮೇಲಿಂದಲೇ ಮುಚ್ಚಿಹಿಡಿಯಿತು.