ಬೆಚ್ಚಗಾಗದ ಹಾಳೆ

ಬರೆದವರ ಕೈಯಲ್ಲಿ ಮಾತ್ರ ಹಾಳೆ ಬೆಚ್ಚಗಾಗುವುದು ಲೋಕಕ್ಕೆಲ್ಲ ಗೊತ್ತು. ಧಾರವಾಡದ ಒಂದು ನರ್ಸಿಂಗ್ ಪತ್ರಿಕೆಯಲ್ಲಿ, ಲೇಖಕರು ಹಿಡಿದ ಹಾಳೆಯನ್ನು ಮುಟ್ಟಿ ನೋಡದೆ ಯಾವ ಲೇಖನವೂ ಅಚ್ಚಿಗೆ ಹೋಗುತ್ತಿರಲಿಲ್ಲ. ನರ್ಸಿಂಗ್ ಕಾಲೇಜಿನ ಪ್ರಿನ್ಸಿಪಾಲ್ ಬೆಲ್ಲದರು ತಮ್ಮ ಹೆಸರು ಹಾಕಿ ತಂದು ಹಿಡಿದಿದ್ದ ಹಾಳೆಯನ್ನು ಸಂಪಾದಕಿ ಅಂಬುಜಾ ಮುಟ್ಟಿದಳು. ಬೆಚ್ಚಗಿತ್ತು. ಆದರೂ ಅವಳಿಗೆ ಅನುಮಾನ ಹೋಗಲಿಲ್ಲ. ಈಗಷ್ಟೇ ಅವರು ಬಿಸಿ ಚಹಾದ ಲೋಟವನ್ನು ಎರಡೂ ಅಂಗೈಯಲ್ಲಿ ಒತ್ತಿಕೊಂಡು, ಒಂದು ಗುಟುಕೂ ಕುಡಿಯದೆ ಕುಳಿತಿದ್ದರು.

"ಹತ್ತು ನಿಮಿಷ ಹಾಳಿ ಹಂಗ ಹಿಡಕೊಂಡು ಕೂಡ್ರಿ ಸರ್," ಎಂದಳು.

ಹತ್ತು ನಿಮಿಷದಲ್ಲಿ ಹಾಳೆ ತಣ್ಣಗಾಯಿತು.

"ನಮ್ಮ ವಾರ್ಡಿನ ನರ್ಸ್ ಹುಡುಗಿ ಬರದಾಳ್ರಿ," ಎಂದರು ಬೆಲ್ಲದರು, ತಲೆ ತಗ್ಗಿಸಿ. "ಇದರಾಗಿನ ರೋಗಿಗಳನ್ನ ನೋಡಿಕೊಂಡಾಕೀನೂ ಆಕೀನ."

ಅಂಬುಜಾ ಪೆನ್ನು ಮುಂದೆ ಚಾಚಿದಳು. "ಹಂಗಾದ್ರ ಆಕಿ ಹೆಸರು ಬರೀರಿ."

ಅವರು ತಮ್ಮ ಹೆಸರು ಹೊಡೆದು ಹಾಕಿ 'ಶಿವಲೀಲಾ' ಎಂದು ಬರೆದರು. ಅಲ್ಲಿಗೆ ಪೆನ್ನು ನಿಂತಿತು. ಆಕೆಯ ಮನೆತನದ ಹೆಸರು ಅವರಿಗೆ ಗೊತ್ತೇ ಇರಲಿಲ್ಲ.