ಮೋತ್ಯಾನ ಎಡೆ

ಮನೆಯ ನಾಯಿ ಮೋತ್ಯಾ ಎಡೆಗೆ ಮೂತಿ ಇಡುವಷ್ಟರಲ್ಲಿ ರಾಜೇಶ್ವರಿ ಅದರ ಕೊರಳಪಟ್ಟಿ ಹಿಡಿದು ಹಿಂದಕ್ಕೆಳೆದಳು. ದೀಪಾವಳಿಗೆಂದು ಕಟಕೋಳದ ಮನೆಗೆ ಬಂದವರೆಲ್ಲ ಪಂಕ್ತಿಯಲ್ಲಿ ಕುಳಿತು ಕಾಯುತ್ತಿದ್ದರು. ಮೈಲಾರಲಿಂಗ ಆ ಮನೆಯ ದೇವರು, ನಾಯಿ ಆ ದೇವರ ಸಂಗಾತಿ. ಹಬ್ಬದ ದಿನ ನಾಯಿ ಉಣ್ಣದೆ ಅಲ್ಲಿ ಯಾರೂ ತುತ್ತು ಎತ್ತುವುದಿಲ್ಲ. ಆದರೆ ಎಡೆಯ ಗೋಧಿ ಹುಗ್ಗಿಯಲ್ಲಿ ಕಂದು ಬಣ್ಣದ್ದೇನೋ ಹೊಳೆಯುತ್ತಿತ್ತು. ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತದೆ, ಜೀವಕ್ಕೇ ಎರವಾಗಬಹುದು ಎಂದು ನಿನ್ನೆ ಸಂಜೆಯೇ ಅವಳು ಅತ್ತೆಗೆ ಹೇಳಿದ್ದಳು. ಸಿದ್ದಲಿಂಗವ್ವ ಗೋಧಿ ಹಸನು ಮಾಡುತ್ತಲೇ ಇದ್ದರು.

"ಬಿಡವಾ, ಹಸದೈತಿ ಅದು," ಎಂದರು ಈಗ.

"ಅತ್ತೀ, ಅದರಾಗ ಮಣುಕ ಐತ್ರಿ. ಒಣದ್ರಾಕ್ಷಿ."

ಸಿದ್ದಲಿಂಗವ್ವ ಮೊಣಕಾಲೂರಿ ಕುಳಿತು, ಆರಿದ ಹುಗ್ಗಿಯೊಳಗೆ ಬೆರಳಾಡಿಸಿ, ಆ ಚೂರನ್ನು ತೆಗೆದು ಸೊಸೆಯ ಅಂಗೈಯಲ್ಲಿಟ್ಟರು. ತುಪ್ಪದಲ್ಲಿ ಕೆಂಪಗೆ ಹುರಿದ ಕೊಬ್ಬರಿ ಅದು.

ಅಷ್ಟರಲ್ಲಿ ಮೈದುನ ಸಚಿನ ತನ್ನ ತಾಟಿನ ಹುಗ್ಗಿಯನ್ನು ಕೆದಕಿ ನೋಡಿ ರಾಗ ಎಳೆದ. "ಯವ್ವಾ, ನನ್ನ ಹುಗ್ಗ್ಯಾಗೂ ಒಂದು ಮಣುಕ ಇಲ್ಲಲ್ಲ. ನಾವೂ ನಾಯಿ ಆದ್ವೇನು?"

"ಮೊದಲ ಉಣ್ಣಾವ ಅಂವ, ಆಮ್ಯಾಲೆ ನೀವು," ಎಂದರು ಸಿದ್ದಲಿಂಗವ್ವ, ಬೆರಳು ಒರೆಸಿಕೊಳ್ಳುತ್ತ. "ಅಂವಗ ವಿಷ ಆಗೂದನ್ನ ದೇವರ ಎಡಿಗಿ ಹೆಂಗ ಹಾಕಲಿ?"

ರಾಜೇಶ್ವರಿ ದೇವರ ಜಗಲಿಯತ್ತ ನೋಡಿದಳು. ಅಲ್ಲಿಯ ಎಡೆಯಲ್ಲೂ ಕೊಬ್ಬರಿಯಷ್ಟೇ ಇತ್ತು. ನಾಯಿಗೊಂದು ಬೇರೆ ತಟ್ಟೆ ಮಾಡಿಸಿದರೆ ಸಾಕೆಂದು ಎಣಿಸಿದ್ದ ಅವಳು, ಕೊರಳಪಟ್ಟಿ ಬಿಟ್ಟು, ಅತ್ತೆಯ ಪಕ್ಕದಲ್ಲಿ ತಾನೂ ಮೊಣಕಾಲೂರಿದಳು.