ಕೆಟ್ಟು ಬಂದ ಫೋಟೋಗಳು

ಫೋನು ತಾನಾಗಿಯೇ ಆರಿ, ತಾನಾಗಿಯೇ ಹೊತ್ತಿಕೊಂಡಿತು. ಹೊಸ ಸಾಫ್ಟ್‌ವೇರ್ ಹಾಕಿಕೊಂಡಿದ್ದೇನೆ ಎಂದು ಒಂದು ಸಾಲು ತೋರಿಸಿ ಸುಮ್ಮನಾಯಿತು. ಅಷ್ಟೇ ಆಗಿದ್ದರೆ ಗಡಿಯಾರ ರಿಪೇರಿಯ ಮುಳ್ಳಣ್ಣ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಗಿರಾಕಿಯೊಬ್ಬರಿಗೆ ಅವರ ವಾಚಿನ ಫೋಟೋ ಕಳಿಸೋಣವೆಂದು ತೆರೆದರೆ, ಎಂದೋ ಅಳಿಸಿ ಹಾಕಿದ್ದ ಫೋಟೋಗಳೆಲ್ಲ ಸಾಲುಗಟ್ಟಿ ಬಂದು ಕೂತಿದ್ದವು. ಬಿಚ್ಚಿದ ವಾಚುಗಳು, ಹಲ್ಲಿನ ಚಕ್ರಗಳು, ಸ್ಪ್ರಿಂಗುಗಳು. ಬೆರಳಿನಿಂದ ತಳ್ಳಿದಷ್ಟೂ ಮುಗಿಯುತ್ತಿರಲಿಲ್ಲ.

ಮುಳ್ಳಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಗಡಿಯಾರದ ಮುಳ್ಳು ನೋಡಿ ಇಟ್ಟರೋ, ಅವನ ಮಾತು ಕೇಳಿ ಇಟ್ಟರೋ, ವಿಚಾರಿಸುವ ಧೈರ್ಯ ಯಾರಿಗೂ ಇರಲಿಲ್ಲ.

"ಅಪ್ಪಾ, ಅಮ್ಮನ ಕಾರ್ಡ್ ಎಲ್ಲಿಟ್ಟಿದ್ದೀಯ?" ಮಗಳು ಊಟದ ಬಿಡುವಿನಲ್ಲಿ, ಔಷಧಿ ಅಂಗಡಿಯ ಬಿಳಿ ಕೋಟಿನಲ್ಲೇ ಬಂದಿದ್ದಳು. "ಅದರ ಫೋಟೋ ದೊಡ್ಡದು ಮಾಡಿಸೋಕೆ ಇವತ್ತು ತರ್ತೀನಿ ಅಂತ ಸ್ಟುಡಿಯೋದವರಿಗೆ ಹೇಳಿದ್ದೆ."

ಅವನು ಮೇಜಿನ ಖಾನೆಯಿಂದ ಹೆಂಡತಿಯ ಗುರುತಿನ ಚೀಟಿ ತೆಗೆದು ಮುಂದಿಟ್ಟ. ಅವಳು ಹೋಗಿ ವರ್ಷ ತುಂಬುತ್ತಾ ಬಂದಿತ್ತು. ಅವಳದೆಂದು ಉಳಿದ ಮುಖ ಇದೊಂದೇ. ಕ್ಯಾಮೆರಾ ಕಂಡರೆ ಸಾಕು, ಕೈ ಅಡ್ಡ ಹಿಡಿಯುತ್ತಿದ್ದವಳು. ಮದುವೆಯ ಫೋಟೋದಲ್ಲೂ ನೆತ್ತಿ ಮಾತ್ರ ಕಾಣುವ ಹಾಗೆ ತಲೆ ತಗ್ಗಿಸಿದ್ದಳು. ಚೀಟಿಯಲ್ಲಿ ಮಾತ್ರ, ಕಚೇರಿಯವರು ಗದರಿಸಿ ಕೂರಿಸಿದ್ದರಿಂದ, ಕಾಲು ತುಳಿದವರನ್ನು ನೋಡುವಂತೆ ಬಿರುಗಣ್ಣು ಬಿಟ್ಟಿದ್ದಳು. "ಇದನ್ನ ಗೋಡೆಗೆ ಹಾಕಿದ್ರೆ ನೋಡಿ, ನಾನೇ ಎದ್ದು ಬಂದು ಕಿತ್ತುಹಾಕ್ತೀನಿ" ಎಂದು ಒಮ್ಮೆ ಹೇಳಿಯೂ ಇದ್ದಳು. ಈಚೆಗೆ ಮುಳ್ಳಣ್ಣನಿಗೆ ಒಂದು ಹೆದರಿಕೆ ಹಿಡಿದಿತ್ತು. ಕಣ್ಣು ಮುಚ್ಚಿದರೆ ಅವಳ ನಿಜವಾದ ಮುಖ ಬರುತ್ತಿರಲಿಲ್ಲ, ಈ ಬಿರುಗಣ್ಣಿನ ಮುಖವೇ ಬರುತ್ತಿತ್ತು. ಅದನ್ನು ಅವನು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

"ಅದಿರಲಿ, ಈ ಫೋನಿಗೆ ಏನು ಬಂತು ನೋಡು."

"ಎಲ್ಲರ ಫೋನಲ್ಲೂ ಹೀಗೇ ಆಗಿದೆಯಂತೆ ಅಪ್ಪ. ನಾವು ಅಳಿಸ್ತೀವಿ, ಅದು ಅಳಿಸಿದ ಹಾಗೆ ನಾಟಕ ಆಡುತ್ತೆ. ಒಳಗೆಲ್ಲೋ ಬಚ್ಚಿಟ್ಕೊಂಡಿರುತ್ತೆ. ಕೊಡು, ಎಲ್ಲಾ ಒಟ್ಟಿಗೆ ತೆಗೆದುಬಿಡ್ತೀನಿ."

"ತೆಗಿ, ತೆಗಿ. ಒಂದೂ ಕೆಲಸಕ್ಕೆ ಬರಲ್ಲ. ಎಲ್ಲಾ ಕೆಟ್ಟು ಬಂದಿದ್ದು, ನಿಮ್ಮಮ್ಮನ ಕೈಚಳಕ."

ವಾಚು ಬಿಚ್ಚುವಾಗ ಹಂತಹಂತಕ್ಕೂ ಒಂದು ಫೋಟೋ ಬೇಕು. ಯಾವ ಸ್ಕ್ರೂ ಯಾವ ತೂತಿನದು, ಯಾವ ಮುಚ್ಚಳ ಯಾವ ವಾಚಿನದು ಎಂದು ಮತ್ತೆ ಜೋಡಿಸುವಾಗ ತಿಳಿಯಬೇಕಲ್ಲ. ಅವನ ಒಂದು ಕಣ್ಣಿಗೆ ಭೂತಗನ್ನಡಿ, ಎರಡೂ ಕೈಗೆ ಕೆಲಸ. ಹಾಗಾಗಿ ಫೋಟೋ ತೆಗೆಯುವುದು ಹೆಂಡತಿಯ ಪಾಲಿಗೆ ಬಂದಿತ್ತು. ಅವಳು ಫೋನನ್ನು ಪಕ್ಕಕ್ಕೆ ಚಾಚಿ ಹಿಡಿದು, ತಾನು ಮೇಜಿನ ಮೇಲೆ ಬಗ್ಗುತ್ತಿದ್ದಳು. ಬಿಚ್ಚಿದ ವಾಚಿನ ಪಕ್ಕದಲ್ಲಿ ಅದರ ಹಿಂಬದಿಯ ಸ್ಟೀಲು ಮುಚ್ಚಳ ಅಂಗಾತ ಬಿದ್ದಿರುತ್ತಿತ್ತು. ಅದರ ಒಳಮೈ ಕನ್ನಡಿಯಂತೆ ಹೊಳಪು. ಅಲ್ಲಿ ಕೆತ್ತಿದ ನಂಬರಿನ ಮೇಲೆ ಅವಳ ಬಿಂಬ ಬೀಳುತ್ತಿತ್ತು. ತೆಗೆದದ್ದನ್ನು ಅವನ ಮೂಗಿನ ಹತ್ತಿರ ಹಿಡಿದರೆ ಅವನ ಕಣ್ಣು ನಂಬರನ್ನಷ್ಟೇ ಹುಡುಕುತ್ತಿತ್ತು. "ಮತ್ತೆ ನಿನ್ನ ಮುಖ ಬಂತು. ಅಳಿಸು. ಆ ಕಡೆ ಸರಿದು ಇನ್ನೊಂದು ತೆಗಿ." ತಗ್ಗಿಸಿದ ತಲೆ ಎತ್ತದೆಯೇ ರೇಗುತ್ತಿದ್ದ. ಅವಳು ಮರುಮಾತಿಲ್ಲದೆ ಇನ್ನೊಂದು ತೆಗೆಯುತ್ತಿದ್ದಳು. ಮುನಿಸಿಕೊಂಡಿದ್ದಾಳೆ ಎಂದುಕೊಂಡು ಅವನೂ ಸುಮ್ಮನಾಗುತ್ತಿದ್ದ.

ಮಗಳು ಎಲ್ಲ ಫೋಟೋಗಳಿಗೂ ಗುರುತು ಹಾಕಿ, ಅಳಿಸಲು ಬೆರಳು ಮುಂದೆ ತಂದಳು. ಮುಳ್ಳಣ್ಣ ಅವಳ ಕೈ ಹಿಡಿದ.

"ತಡಿ, ಮುಟ್ಟಬೇಡ."

"ಯಾಕಪ್ಪ?"

"ಕೆಟ್ಟು ಬಂದಿದ್ದು ಅಂದ್ರೆ..." ಅವನು ಫೋನಿಗೆ ಕೈ ಚಾಚಿದ. "ಅವಳ ಮುಖ ಬಂದಿದ್ದು."

ಫೋನು ಕಿತ್ತುಕೊಂಡು ಒಂದು ಫೋಟೋ ದೊಡ್ಡದು ಮಾಡಿದ. ರೂಢಿಯಂತೆ ಕೈ ತಾನಾಗಿಯೇ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿತು. ಮುಚ್ಚಳದ ಪುಟ್ಟ ವೃತ್ತದೊಳಗೆ ಅವಳಿದ್ದಳು. ಮೂಗಿನ ತುದಿಗೆ ಜಾರಿದ ಕನ್ನಡಕ, ಕಿವಿಯ ಹತ್ತಿರ ಬಿಡಿಸಿಕೊಂಡ ಕೂದಲು, ತುಟಿ ಕಚ್ಚಿ ತಡೆದ ನಗು. ಮುಂದಿನದರಲ್ಲಿ ತಡೆಯಲಾರದೆ ನಕ್ಕಿದ್ದಳು. ಅದರ ಮುಂದಿನದರಲ್ಲಿ ಗಂಡನ ಬೋಳುತಲೆಯ ಕಡೆ ನಾಲಿಗೆ ಚಾಚಿದ್ದಳು. ಮಗಳು ಒಂದೊಂದನ್ನೇ ಸರಿಸುತ್ತಾ ಹೋದಳು. ವರ್ಷಗಳು ಹಿಂದಕ್ಕೆ ಉರುಳಿದವು, ಮುಚ್ಚಳದಿಂದ ಮುಚ್ಚಳಕ್ಕೆ ಅವಳ ನರೆ ಕಪ್ಪಾಗುತ್ತಾ ಬಂತು, ಕೆನ್ನೆ ತುಂಬುತ್ತಾ ಬಂತು. ಎಲ್ಲದರಲ್ಲೂ ನಗು. ತಾನು ರೇಗಿದಾಗಲೆಲ್ಲ ಅವಳು ಎದುರಿಗೇ ಹೀಗೆ ನಗುತ್ತಿದ್ದಳೇ? ಒಂದು ಗೇಣು ತಲೆ ಎತ್ತಿದ್ದರೆ ಕಾಣುತ್ತಿತ್ತು. ತಾನೇ ಹೇಳಿ ಹೇಳಿ ಅಳಿಸಿ ಹಾಕಿಸಿದ್ದನ್ನು ಈ ಯಂತ್ರ ಒಂದೂ ಬಿಡದೆ ಕಾಪಾಡಿಕೊಂಡಿತ್ತಲ್ಲ ಎಂದು ಮುಳ್ಳಣ್ಣನ ಮೈ ಜುಮ್ಮೆಂದಿತು. ದೇವರ ಮುಂದೆ ನಿಂತವನಂತೆ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಮಗಳು ಗುರುತಿನ ಚೀಟಿಯನ್ನು ಮತ್ತೆ ಖಾನೆಗೆ ಹಾಕಿದಳು.

ಗಿರಾಕಿಯ ವಾಚು ಇನ್ನೂ ಬಿಚ್ಚಿಕೊಂಡೇ ಬಿದ್ದಿತ್ತು. ಕೊನೆಗೆ ಅವನು ಚಿಮಟ ಎತ್ತಿಕೊಂಡ. ಮಗಳು ಕಣ್ಣೊರೆಸಿಕೊಂಡು, ಅಮ್ಮನ ಹಾಗೆಯೇ ಫೋನನ್ನು ಪಕ್ಕಕ್ಕೆ ಚಾಚಿ ಹಿಡಿದು ಬಗ್ಗಿದಳು.

"ತಾಳು, ಮುಚ್ಚಳದಲ್ಲಿ ನನ್ನ ಮುಖ ಬರ್ತಿದೆ" ಎಂದು ಹಿಂದೆ ಸರಿಯಹೋದಳು.

"ಬರಲಿ ಬಿಡು" ಎಂದು ಮುಳ್ಳಣ್ಣ ಚಿಮಟ ಕೆಳಗಿಟ್ಟು, ತಲೆ ಎತ್ತಿ ಅವಳನ್ನು ನೋಡಿದ.